ಝರ್ಗ್‌ನಲ್ಲಿ ಗಟ್ಟಿ ಯೂನಿಟ್ ಯಾವುದು? ಮೊದಲು ಲಾರ್ವಾ ಎಣಿಸಿ

ಪ್ರಶ್ನೆ: ಸರ್, ಎರಡು ತಿಂಗಳಿಂದ ಸ್ಟಾರ್‌ಕ್ರಾಫ್ಟ್ 2 ಅನ್ನುವ ಕಂಪ್ಯೂಟರ್ ಯುದ್ಧದಾಟ ಆಡುತ್ತಿದ್ದೇನೆ. ಅದರ ಮೂರು ಜಾತಿಗಳಲ್ಲಿ ಹುಳುಗಳ ಸೈನ್ಯ ಇಷ್ಟವಾಗಿ ಝರ್ಗ್ ಆರಿಸಿಕೊಂಡೆ. ಎಲ್ಲ ಯೂನಿಟ್‌ಗಳ ಶಕ್ತಿಗಳನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಆದರೂ ಹತ್ತು ಆಟದಲ್ಲಿ ಎಂಟು ಸೋಲುತ್ತೇನೆ. ರೋಚ್ ಮಾಡಿದರೆ ಮೇಲಿಂದ ವಾಯ್ಡ್ ರೇ ಬರುತ್ತದೆ. ಇಲ್ಲವಾದರೆ ಕಣ್ಣಿಗೇ ಕಾಣದ ಬ್ಯಾನ್‌ಶೀ ಬಂದು ಕೆಲಸದ ಹುಳುಗಳಾದ ಡ್ರೋನ್‌ಗಳನ್ನೆಲ್ಲ ಮುಗಿಸುತ್ತದೆ. ಝರ್ಗ್‌ನಲ್ಲಿ ಎಲ್ಲಕ್ಕಿಂತ ಗಟ್ಟಿ ಯೂನಿಟ್ ಯಾವುದು? ಯಾವ ಶಕ್ತಿಯನ್ನು ಮೊದಲು ಕಲಿಯಬೇಕು? ಹಳೆಯ ಸ್ಟಾರ್‌ಕ್ರಾಫ್ಟ್ ಆಡಿ ಬಂದರೆ ಏನಾದರೂ ಉಪಯೋಗ ಇದೆಯಾ?

ಉತ್ತರ: ನಿಮ್ಮ ನೋಟ್‌ಬುಕ್ಕಿನಲ್ಲಿ ಒಂದು ಹೆಸರು ಇರಲಿಕ್ಕಿಲ್ಲ ಅಂತ ನನಗೆ ಅನುಮಾನ. ಲಾರ್ವಾ. ಹ್ಯಾಚರಿ ಅನ್ನುವ ನಮ್ಮ ಮುಖ್ಯ ಕಟ್ಟಡದ ಸುತ್ತ ಸುಮ್ನೆ ತೆವಳುತ್ತಿರುವ ಆ ಬಿಳಿಚಿದ ಹುಳು. ಅದು ಕಚ್ಚುವುದಿಲ್ಲ, ಉಗುಳುವುದಿಲ್ಲ, ಮ್ಯಾಪಿನ ಇನ್ನೊಂದು ತುದಿಗೆ ಹೋಗುವುದೂ ಇಲ್ಲ. ಆದರೆ ನೀವು ಸೋಲುತ್ತಿರುವುದು ಅಲ್ಲೇ.

ಮನುಷ್ಯರ ಪಡೆಯಾದ ಟೆರ್ರನ್ ಆಟಗಾರನಿಗೆ ಒಂದೇ ಸಲಕ್ಕೆ ಹತ್ತು ಮರೀನ್ ಸೈನಿಕರು ಬೇಕು ಅಂದುಕೊಳ್ಳಿ. ಅವನು ಬ್ಯಾರಕ್ಸ್ ಮೇಲೆ ಬ್ಯಾರಕ್ಸ್ ಕಟ್ಟಬೇಕು. ಒಂದು ಬ್ಯಾರಕ್ಸ್ 18 ಸೆಕೆಂಡಿಗೆ ಒಬ್ಬ ಮರೀನನ್ನು ಹೊರಗೆ ಬಿಡುತ್ತದೆ, ಅಷ್ಟೇ. ಪ್ರೋಟಾಸ್‌ಗೂ ಗೇಟ್‌ವೇಗಳ ಸಾಲೇ ಬೇಕು. ಝರ್ಗ್‌ಗೆ ಅದು ಬೇಡ. ಝರ್ಗ್‌ಲಿಂಗ್ ಅನ್ನುವ ಕಚ್ಚುವ ಹುಳು ಮಾಡಲು ಸ್ಪಾನಿಂಗ್ ಪೂಲ್ ಅನ್ನುವ ಒಂದೇ ಕಟ್ಟಡ ಸಾಕು. ಹತ್ತು ಲಾರ್ವಾ ಇದ್ದರೆ ಒಂದೇ ಕ್ಷಣದಲ್ಲಿ ಹತ್ತು ಮೊಟ್ಟೆ ಇಡಿಸಬಹುದು, ಒಂದೊಂದು ಮೊಟ್ಟೆಯಿಂದ ಎರಡೆರಡು ಝರ್ಗ್‌ಲಿಂಗ್ ಹೊರಗೆ ಬರುತ್ತವೆ. ಅದೇ ಹತ್ತು ಲಾರ್ವಾ ಹತ್ತು ಡ್ರೋನ್ ಕೂಡ ಆಗಬಹುದು, ಹತ್ತು ರೋಚ್ ಕೂಡ ಆಗಬಹುದು. ಬೇರೆ ಎರಡು ಜಾತಿಗಳಿಗೆ ಕೆಲಸದವರನ್ನು ಹೆರುವ ಕಟ್ಟಡ ಬೇರೆ, ಸೈನಿಕರನ್ನು ಹೆರುವ ಕಟ್ಟಡ ಬೇರೆ. ನಮಗೆ ಎರಡಕ್ಕೂ ಒಂದೇ ಹೊಟ್ಟೆ.

ಝರ್ಗ್‌ನ ಬಲವೂ ಇದೇ, ಕಷ್ಟವೂ ಇದೇ. ಒಂದು ಲಾರ್ವಾವನ್ನು ಝರ್ಗ್‌ಲಿಂಗ್ ಮಾಡಿದಿರಿ ಅಂದರೆ ಒಂದು ಡ್ರೋನ್ ಕಡಿಮೆ ಮಾಡಿದಿರಿ. ಡ್ರೋನ್‌ನ ಬೆಲೆ 50 ಮಿನರಲ್ (ಅಗೆದು ತರುವ ಆಟದ ದುಡ್ಡು). ಅದು ನಿಮಿಷಕ್ಕೆ ಹೆಚ್ಚುಕಡಿಮೆ 50-60 ಮಿನರಲ್ ತರುತ್ತದೆ. ಅಂದರೆ ಸುಮಾರು ಒಂದು ನಿಮಿಷದಲ್ಲಿ ತನ್ನ ಸಾಲ ತೀರಿಸಿ, ಆಮೇಲೆ ಸಾಯುವವರೆಗೂ ಲಾಭ. ಬೇಡದ ಹೊತ್ತಿನಲ್ಲಿ ಮಾಡಿದ ಆರು ಝರ್ಗ್‌ಲಿಂಗ್ ಅಂದರೆ ಬಿತ್ತನೆಗೆ ಇಟ್ಟ ಕಾಳನ್ನು ಹುರಿದು ತಿಂದ ಹಾಗೆ. ಹಾಗಂತ ಬರೀ ಡ್ರೋನ್ ಮಾಡಿಕೊಂಡು ಕೂತರೆ ಎದುರಿನವನು ಬಂದು ಬೆಳೆಯನ್ನೇ ಮೇಯ್ದು ಹೋಗುತ್ತಾನೆ. ಝರ್ಗ್ ಆಡುವುದು ಅಂದರೆ ಬಹುಪಾಲು ಈ ಒಂದು ಲೆಕ್ಕವನ್ನು ಪ್ರತಿ ಹತ್ತು ಸೆಕೆಂಡಿಗೊಮ್ಮೆ ಮಾಡುತ್ತಾ ಇರುವುದು. ಈಗ ಬಿತ್ತಲಾ, ಈಗ ಉಣ್ಣಲಾ?

ಈಗ ಸ್ವಲ್ಪ ಅಂಕಿಸಂಖ್ಯೆ. ಅಪ್‌ಡೇಟ್ ಬಂದಾಗ ಬೆಲೆ, ಪೆಟ್ಟು ಆಗಾಗ ಅಲ್ಪಸ್ವಲ್ಪ ಬದಲಾಗುತ್ತವೆ, ಆದರೆ ಲೆಕ್ಕದ ದಾರಿ ಅದೇ. ಒಂದು ಹ್ಯಾಚರಿ 11 ಸೆಕೆಂಡಿಗೆ ಒಂದು ಲಾರ್ವಾ ಕೊಡುತ್ತದೆ. ನಿಮಿಷಕ್ಕೆ ಐದೂವರೆ ಅಂತಿಟ್ಟುಕೊಳ್ಳಿ. ಆದರೆ ಮೂರು ಲಾರ್ವಾ ಸೇರಿದ ತಕ್ಷಣ ಹ್ಯಾಚರಿ ಕೈಕಟ್ಟಿ ಕೂರುತ್ತದೆ. ಬಳಸಿದರೆ ಮಾತ್ರ ಮುಂದಿನದು. ನೀವು ಎಲ್ಲೋ ಒಂದು ಚಿಕ್ಕ ಜಗಳ ನೋಡುತ್ತಾ ಅರ್ಧ ನಿಮಿಷ ಮೈಮರೆತರೆ ಎರಡು ಮೂರು ಲಾರ್ವಾ ಹುಟ್ಟದೆಯೇ ಹೋದವು. ಅವು ವಾಪಸ್ ಬರುವುದಿಲ್ಲ. ಮಿನರಲ್ ಉಳಿದರೆ ಆಮೇಲೆ ಖರ್ಚು ಮಾಡಬಹುದು. ಕಳೆದುಹೋದ ಲಾರ್ವಾಕ್ಕೆ ಆ ಭಾಗ್ಯ ಇಲ್ಲ.

ಹಾಗಾಗಿ ನಿಮ್ಮ ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಕಲಿಯಬೇಕಾದ ಮೊದಲ ಶಕ್ತಿ ನಮ್ಮ ರಾಣಿಹುಳು ಕ್ವೀನ್‌ನ ಇಂಜೆಕ್ಟ್. 25 ಎನರ್ಜಿ ಖರ್ಚು ಮಾಡಿ ಕ್ವೀನ್ ಹ್ಯಾಚರಿಗೆ ಉಗುಳುತ್ತಾಳೆ, 29 ಸೆಕೆಂಡಿನ ಮೇಲೆ ಮೂರು ಲಾರ್ವಾ ಒಟ್ಟಿಗೆ ಉದುರುತ್ತವೆ. ನಿಮಿಷಕ್ಕೆ ಇನ್ನೂ ಆರು. ಅಂದರೆ ಒಬ್ಬಳು ಕ್ವೀನ್ ಸರಿಯಾಗಿ ಕೆಲಸ ಮಾಡಿದರೆ ಹ್ಯಾಚರಿ ಒಂದರ ಬದಲು ಎರಡಾದ ಹಾಗೆ. ಹೊಸಬರು ಇದನ್ನು ಮೊದಲ ಮೂರು ನಿಮಿಷ ಶ್ರದ್ಧೆಯಿಂದ ಮಾಡುತ್ತಾರೆ. ಐದನೇ ನಿಮಿಷಕ್ಕೆ ಯುದ್ಧ ಶುರುವಾದ ಮೇಲೆ ಕ್ವೀನ್ ಇದ್ದಾಳೆ ಅನ್ನುವುದೇ ನೆನಪಿರುವುದಿಲ್ಲ. ನಿಮ್ಮದೊಂದು ರೀಪ್ಲೇ ತೆರೆದು ಎಂಟನೇ ನಿಮಿಷದಲ್ಲಿ ಕ್ವೀನ್ ಮೇಲೆ ಕ್ಲಿಕ್ ಮಾಡಿ ನೋಡಿ. ಎನರ್ಜಿ ನೂರು ದಾಟಿದ್ದರೆ ನಾಲ್ಕು ಇಂಜೆಕ್ಟ್, ಅಂದರೆ ಹನ್ನೆರಡು ಲಾರ್ವಾ ಅವಳ ಹೊಟ್ಟೆಯಲ್ಲೇ ಉಳಿದಿವೆ. ತಡವಾದರೆ ಒಂದೇ ಹ್ಯಾಚರಿಗೆ ಎರಡು ಸಲ ಬೆನ್ನುಬೆನ್ನಿಗೆ ಇಂಜೆಕ್ಟ್ ಹಾಕಬಹುದು, ಅವು ಒಂದಾದ ಮೇಲೆ ಒಂದು ನಡೆಯುತ್ತವೆ. ಮರೆಗುಳಿಗಳಿಗೆ ಅಷ್ಟು ದಯೆ ಇದೆ.

ಕ್ವೀನ್ ಬಗ್ಗೆ ಇನ್ನೊಂದು ಮಾತು, ಇದನ್ನು ಯಾರೂ ಹೊಸಬರಿಗೆ ಬಿಡಿಸಿ ಹೇಳುವುದಿಲ್ಲ. ಝರ್ಗ್‌ನಲ್ಲಿ ಲಾರ್ವಾ ತಿನ್ನದೆ ಹುಟ್ಟುವ ಸೈನಿಕಳು ಅವಳೊಬ್ಬಳೇ. ನೇರವಾಗಿ ಹ್ಯಾಚರಿಯೇ ಅವಳನ್ನು ಹೆರುತ್ತದೆ. ಆದ್ದರಿಂದ ಆಟದ ಶುರುವಿನಲ್ಲಿ ಕಾವಲಿಗೆ ಕ್ವೀನ್‌ಗಳನ್ನು ಮಾಡಿದರೆ ಲಾರ್ವಾ ಪೂರ್ತಿ ಡ್ರೋನ್‌ಗಳಿಗೆ ಸಿಗುತ್ತದೆ. ದೊಡ್ಡ ಆಟಗಾರರು ನಾಲ್ಕು, ಐದು, ಆರು ಕ್ವೀನ್ ಮಾಡುವುದು ಇದಕ್ಕೇ. ನೆಲಕ್ಕೂ ಹೊಡೆಯುತ್ತಾಳೆ, ಆಕಾಶಕ್ಕೂ ಹೊಡೆಯುತ್ತಾಳೆ. 50 ಎನರ್ಜಿಗೆ ಟ್ರಾನ್ಸ್‌ಫ್ಯೂಸ್ ಮಾಡಿ ಗಾಯ ಕೂಡ ವಾಸಿ ಮಾಡುತ್ತಾಳೆ. ಒಂದೇ ಕೊರತೆ ಅಂದರೆ ಕ್ರೀಪ್ ಬಿಟ್ಟು ಹೊರಗೆ ಕಾಲಿಟ್ಟರೆ ಗರ್ಭಿಣಿ ಎಮ್ಮೆಯ ನಡಿಗೆ.

ಅಲ್ಲಿಗೆ ಕ್ರೀಪ್‌ಗೆ ಬಂದೆವು. ನೆಲದ ಮೇಲೆ ಹರಡುವ ಆ ನೇರಳೆ ಲೋಳೆ ಅಲಂಕಾರ ಅಲ್ಲ. ಅದರ ಮೇಲೆ ನಮ್ಮ ಹೆಚ್ಚಿನ ಯೂನಿಟ್‌ಗಳು ಶೇಕಡ 30 ಜಾಸ್ತಿ ವೇಗದಲ್ಲಿ ಓಡುತ್ತವೆ. ಎಲ್ಲಿಯವರೆಗೆ ಕ್ರೀಪ್ ಇದೆಯೋ ಅಲ್ಲಿಯವರೆಗೆ ನಿಮಗೆ ಕಣ್ಣೂ ಇದೆ. ಟೆರ್ರನ್, ಪ್ರೋಟಾಸ್ ಎದುರಾಳಿ ಅದರ ಮೇಲೆ ಕಟ್ಟಡ ಕಟ್ಟಲಾರ. ಕ್ವೀನ್ 25 ಎನರ್ಜಿ ಕೊಟ್ಟು ಒಂದು ಕ್ರೀಪ್ ಟ್ಯೂಮರ್ ನೆಟ್ಟರೆ, ಆ ಟ್ಯೂಮರ್ ತಾನೇ ಇನ್ನೊಂದನ್ನು ಹಾಕುತ್ತದೆ, ಅದು ಮತ್ತೊಂದನ್ನು. ಪ್ರತಿಯೊಂದಕ್ಕೂ ಒಂದೇ ಅವಕಾಶ. ಹಾಗಾಗಿ ಬಾಳೆಗಿಡದ ಕಂದಿನ ಹಾಗೆ ಸಾಲು ಮುಂದೆ ಮುಂದೆ ಹೋಗುತ್ತಲೇ ಇರುತ್ತದೆ, ನೀವು ಕ್ಲಿಕ್ ಮಾಡುವುದನ್ನು ಮರೆಯದಿದ್ದರೆ.

ಈಗ ಯೂನಿಟ್‌ಗಳು. "ಎಲ್ಲಕ್ಕಿಂತ ಗಟ್ಟಿ" ಅನ್ನುವ ಪ್ರಶ್ನೆಗೆ ಝರ್ಗ್‌ನಲ್ಲಿ ಉತ್ತರ ಇಲ್ಲ. ಯಾಕೆ ಅಂತ ಬೇನ್‌ಲಿಂಗ್ ಒಂದನ್ನೇ ಇಟ್ಟುಕೊಂಡು ನೋಡೋಣ, ಅದು ನನಗೆ ತುಂಬಾ ಇಷ್ಟದ ಹುಳು.

ಝರ್ಗ್‌ಲಿಂಗ್ ಜೋಡಿಗೆ 50 ಮಿನರಲ್, ಅಂದರೆ ಒಂದಕ್ಕೆ 25. ಅದನ್ನು ಬೇನ್‌ಲಿಂಗ್ ಮಾಡಲು ಮತ್ತೆ 25 ಮಿನರಲ್, 25 ಗ್ಯಾಸ್ (ಆಟದ ಎರಡನೇ ಬಗೆಯ ದುಡ್ಡು). ಹಸಿರು ಆಸಿಡ್ ತುಂಬಿದ ಉಂಡೆಯಾಗಿ ಉರುಳಿಕೊಂಡು ಹೋಗಿ ಸಿಡಿಯುತ್ತದೆ, ತಾನೂ ಸಾಯುತ್ತದೆ. ಪೆಟ್ಟು 16. ಎದುರಿನವನು ಹಗುರ ಜಾತಿಯಾಗಿದ್ದರೆ ಇನ್ನೂ 19 ಸೇರಿ 35. ಮರೀನ್‌ನ ಜೀವ 45, ಶೀಲ್ಡ್ ಹಾಕಿಕೊಂಡರೆ 55. ಹಾಗಾದರೆ ಮರೀನ್ ಸಾಯಲು ಎರಡು ಬೇನ್‌ಲಿಂಗ್ ಬೇಕು. ಎರಡು ಬೇನ್‌ಲಿಂಗ್‌ಗೆ ನೀವು ಕೊಟ್ಟಿದ್ದು 100 ಮಿನರಲ್, 50 ಗ್ಯಾಸ್. ಒಬ್ಬ ಮರೀನ್‌ಗೆ ಅವನು ಕೊಟ್ಟಿದ್ದು 50 ಮಿನರಲ್. ಒಬ್ಬನೇ ಸತ್ತರೆ ನಿಮಗೆ ಚೆನ್ನಾಗಿ ನಷ್ಟ. ಆದರೆ ಆ ಎರಡು ಸಿಡಿತ ಗುಂಪಾಗಿ ನಿಂತ ಎಂಟು ಮರೀನ್‌ಗಳ ನಡುವೆ ಆದರೆ 400 ಮಿನರಲ್ ಒಂದೇ ಸಲಕ್ಕೆ ಕರಗಿ ನೀರಾಯಿತು. ಅದಕ್ಕೇ ಒಳ್ಳೆಯ ಟೆರ್ರನ್ ಆಟಗಾರರು ಬೇನ್‌ಲಿಂಗ್ ಉರುಳಿ ಬರುವುದು ಕಂಡ ಕೂಡಲೇ ಮರೀನ್‌ಗಳನ್ನು ಚೆಲ್ಲಾಪಿಲ್ಲಿ ಓಡಿಸುತ್ತಾರೆ. ನೋಡುವುದಕ್ಕೆ ಅದೇ ಒಂದು ಮಜಾ.

ಅದೇ ಬೇನ್‌ಲಿಂಗ್‌ಗಳನ್ನು ಟೆರ್ರನ್‌ನ ಮರಾಡರ್ ಸೈನಿಕನ ಮೇಲೆ ಬಿಡಿ. ಅದರ ಜೀವ 125, ಜಾತಿ ಹಗುರದ್ದಲ್ಲ. ಪೆಟ್ಟು 16ಕ್ಕೆ ಇಳಿಯಿತು. ನಿಮ್ಮ ಗ್ಯಾಸ್ ಎಲ್ಲ ಹಸಿರು ನೀರಾಗಿ ಹರಿದು ಹೋಯಿತು, ಅವನು ಅಲ್ಲೇ ನಿಂತಿದ್ದಾನೆ. ಇನ್ನು ಎದುರಿನವನೂ ಝರ್ಗ್ ಆಗಿದ್ದರೆ? ಝರ್ಗ್‌ಲಿಂಗ್‌ನ ಜೀವ ಸರಿಯಾಗಿ 35. ಒಂದೇ ಬೇನ್‌ಲಿಂಗ್‌ಗೆ ಹತ್ತು ಲಿಂಗ್ ಸತ್ತರೂ ಸತ್ತವೇ. ಅದಕ್ಕಾಗಿಯೇ ಝರ್ಗ್ ಮೇಲೆ ಝರ್ಗ್ ಆಟ ಎಷ್ಟೋ ಸಲ ಮೂರು ನಾಲ್ಕು ನಿಮಿಷಕ್ಕೇ ಮುಗಿಯುತ್ತದೆ, ನೆಂಟರ ಮನೆ ಜಗಳದ ಹಾಗೆ. ಹುಳು ಅದೇ, ಬೆಲೆ ಅದೇ, ಆದರೆ ಮೂರು ಕಡೆ ಮೂರು ಬೇರೆ ಬೇರೆ ಗತಿ.

ಈ ಲೆಕ್ಕ ಹಿಡಿದುಕೊಂಡರೆ ಉಳಿದವುಗಳ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ.

ಝರ್ಗ್‌ಲಿಂಗ್ ಬಯಲಿನ ಪ್ರಾಣಿ. ಸುತ್ತುವರಿದರೆ ದೊಡ್ಡದನ್ನೂ ಕೆಡವುತ್ತದೆ, ಇಕ್ಕಟ್ಟಾದ ದಾರಿಯಲ್ಲಿ ಮುಂದಿನ ನಾಲ್ಕು ಕಚ್ಚುತ್ತವೆ, ಹಿಂದಿನ ಮೂವತ್ತು ಕ್ಯೂ ನಿಂತಿರುತ್ತವೆ. 100 ಗ್ಯಾಸ್ ಕೊಟ್ಟು ಮೆಟಬಾಲಿಕ್ ಬೂಸ್ಟ್ ಮಾಡಿಸುವುದನ್ನು ಬಿಡಬೇಡಿ. ಓಟ ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗುತ್ತದೆ, ಆಗಲೇ ಅದು ನಿಜವಾದ ಝರ್ಗ್‌ಲಿಂಗ್.

ರೋಚ್ 75 ಮಿನರಲ್, 25 ಗ್ಯಾಸ್, ಜೀವ 145. ಆ ಬೆಲೆಗೆ ಅಷ್ಟು ದಪ್ಪ ಚರ್ಮ ಬೇರೆಲ್ಲೂ ಸಿಗುವುದಿಲ್ಲ. ಮಣ್ಣಿನಲ್ಲಿ ಹೂತುಕೊಂಡರೆ ಗಾಯ ಬೇಗ ಬೇಗ ವಾಸಿಯಾಗುತ್ತದೆ. ಟನೆಲಿಂಗ್ ಕ್ಲಾಝ್ (ಸುರಂಗ ತೋಡುವ ಉಗುರು) ಮಾಡಿಸಿದರೆ ಹೂತುಕೊಂಡೇ ನಡೆದು ಶತ್ರುವಿನ ಮನೆಯ ಹಿತ್ತಲಲ್ಲಿ ಏಳಬಹುದು. ಹೊಸಬರಿಗೆ ನಾನು ಕೊಡುವ ಮೊದಲ ಸೈನ್ಯ ಇದೇ. ಬೆರಳು ನಿಧಾನ ಇದ್ದರೂ ನಡೆಯುತ್ತದೆ. ಇದರಿಂದಲೇ ರ್ಯಾವೇಜರ್ ಹುಟ್ಟುತ್ತದೆ. ಅದು ಉಗುಳುವ ಬೈಲ್ ಬೀಳಲು ಎರಡೂವರೆ ಸೆಕೆಂಡ್ ತೆಗೆದುಕೊಳ್ಳುತ್ತದೆ, ಬಿದ್ದರೆ 60 ಪೆಟ್ಟು. ನಡೆದಾಡುವವರು ತಪ್ಪಿಸಿಕೊಳ್ಳುತ್ತಾರೆ. ಹಾಗಾಗಿ ಓಡಲಾರದವುಗಳ ಮೇಲೆ ಹಾಕಿ. ಬಂಕರ್, ಫೋಟಾನ್ ಕ್ಯಾನನ್, ಕಾಲು ಊರಿ ನಿಂತ ಸೀಜ್ ಟ್ಯಾಂಕ್. ಪ್ರೋಟಾಸ್‌ನ ಫೋರ್ಸ್ ಫೀಲ್ಡ್ ಗೋಡೆಯನ್ನೂ ಅದು ಒಡೆಯುತ್ತದೆ.

ಹೈಡ್ರಾಲಿಸ್ಕ್ ನೆಲ, ಆಕಾಶ ಎರಡಕ್ಕೂ ಮುಳ್ಳು ಹೊಡೆಯುತ್ತದೆ, ಆದರೆ ಜೀವ 90 ಮಾತ್ರ. ಮುಂದೆ ರೋಚ್, ಹಿಂದೆ ಹೈಡ್ರಾ ನಿಲ್ಲಬೇಕು. ಆಟದ ಕಥೆಯ ಪ್ರಕಾರ ಈ ಭಯಂಕರ ಪ್ರಾಣಿಯ ಮೂಲ, ಸೊಪ್ಪು ತಿಂದುಕೊಂಡು ತನ್ನ ಪಾಡಿಗೆ ತಾನಿದ್ದ ಒಂದು ಕಂಬಳಿಹುಳುವಿನಂಥ ಜೀವಿ. ಝರ್ಗ್‌ಗಳು ಅದನ್ನು ತಮ್ಮೊಳಗೆ ಸೇರಿಸಿಕೊಂಡು ಹೀಗೆ ಮಾಡಿದವು. ಇಡೀ ಝರ್ಗ್ ಸೈನ್ಯವೇ ಹಾಗೆ ಕಂಡಕಂಡ ಗ್ರಹಗಳಿಂದ ಕದ್ದು ತಿದ್ದಿದ ಪ್ರಾಣಿಗಳ ಸಂತೆ. ಒಂದು ಇನ್ನೊಂದಾಗುವ ಈ ಗುಣ ಕಥೆಯಲ್ಲೂ ಇದೆ, ಆಟದ ನಿಯಮದಲ್ಲೂ ಇದೆ. ಲಿಂಗ್ ಬೇನ್‌ಲಿಂಗ್ ಆಗುತ್ತದೆ, ಹೈಡ್ರಾ ಲರ್ಕರ್ ಆಗುತ್ತದೆ, ಕರಪ್ಟರ್ ಬ್ರೂಡ್ ಲಾರ್ಡ್ ಆಗುತ್ತದೆ. ಡ್ರೋನ್ ಅಂತೂ ಕಟ್ಟಡವೇ ಆಗಿಹೋಗುತ್ತದೆ, ತಿರುಗಿ ಬರುವುದಿಲ್ಲ. ಪ್ರತಿ ಕಟ್ಟಡದ ಬೆಲೆಗೂ ಒಂದು ಡ್ರೋನ್ ಸೇರಿಸಿಯೇ ಲೆಕ್ಕ ಹಾಕಿ.

ಲರ್ಕರ್ ಹೂತುಕೊಂಡಾಗ ಮಾತ್ರ ಹೊಡೆಯುತ್ತದೆ. ನೆಲದೊಳಗಿಂದ ಸಾಲು ಮುಳ್ಳು ಎದ್ದು, ಆ ಗೆರೆಯ ಮೇಲೆ ನಿಂತವರಿಗೆಲ್ಲ ಪೆಟ್ಟು. ಹೂತ ಲರ್ಕರನ್ನು ಕಾಣಲು ಪತ್ತೆ ಹಚ್ಚುವ ಯೂನಿಟ್ ಬೇಕು. ಅದು ಎದುರಿನವನ ಹತ್ತಿರ ಇಲ್ಲದ ದಿನ ನಿಮ್ಮ ಹಬ್ಬ.

ಮ್ಯುಟಲಿಸ್ಕ್ ಯುದ್ಧಕ್ಕಲ್ಲ, ಕಿರುಕುಳಕ್ಕೆ. ಒಂದು ಏಟು ಮೂವರಿಗೆ ಪುಟಿಯುತ್ತದೆ, ಮೊದಲನೆಯವನಿಗೆ 9, ಎರಡನೆಯವನಿಗೆ 3, ಮೂರನೆಯವನಿಗೆ 1. ಹತ್ತು ಮ್ಯುಟ ಕೆಲಸಗಾರರ ಮೇಲೆ ಎರಗಿ, ಸೈನ್ಯ ಬರುವ ಮೊದಲೇ ಹಾರಿಹೋಗಬೇಕು. ಎದುರಾಎದುರು ನಿಂತು ಕಾದರೆ ಟೆರ್ರನ್‌ನ ಥಾರ್ ಯಂತ್ರ ಒಂದೇ ಎಲ್ಲವನ್ನೂ ಉದುರಿಸುತ್ತದೆ. ನೀವು ಇನ್ನೂ ಇಂಜೆಕ್ಟ್ ಮರೆಯುವ ಹಂತದಲ್ಲಿದ್ದರೆ ಮ್ಯುಟ ಮುಟ್ಟಲೇಬೇಡಿ. ಕಣ್ಣೆಲ್ಲ ಅದರ ಮೇಲೇ ಇದ್ದು ಮನೆ ಹಾಳಾಗುತ್ತದೆ.

ಅಲ್ಟ್ರಲಿಸ್ಕ್ ಬಗ್ಗೆ ನನಗೆ ಪೂರ್ವಗ್ರಹ ಇದೆ, ಒಪ್ಪಿಕೊಳ್ಳುತ್ತೇನೆ. 500 ಜೀವದ ಆನೆ. ಆದರೆ ಇಕ್ಕಟ್ಟಿನಲ್ಲಿ ಮದುವೆ ಮನೆಯ ಬೀರುವಿನ ಹಾಗೆ ಸಿಕ್ಕಿಕೊಳ್ಳುತ್ತದೆ.

ಶಕ್ತಿಗಳಲ್ಲಿ ಇಂಜೆಕ್ಟ್, ಟ್ಯೂಮರ್ ಆದ ಮೇಲೆ ಕಲಿಯಬೇಕಾದ್ದು ನಮ್ಮ ಹಾರುವ ಯೂನಿಟ್ ವೈಪರ್‌ನದು. ಅಬ್ಡಕ್ಟ್ ಅಂದರೆ ನಾಲಿಗೆ ಚಾಚಿ ಶತ್ರುವಿನ ಒಂದು ಯೂನಿಟ್ಟನ್ನು ನಿಮ್ಮ ಸೈನ್ಯದ ಮಡಿಲಿಗೆ ಎಳೆದು ಹಾಕುವುದು. 75 ಎನರ್ಜಿ. 300 ಮಿನರಲ್, 200 ಗ್ಯಾಸ್‌ನ ಪ್ರೋಟಾಸ್ ಯಂತ್ರ ಕಲೋಸಸ್ ಹಿಂದೆ ಸುರಕ್ಷಿತವಾಗಿ ನಿಂತು ನಿಮ್ಮ ಲಿಂಗ್‌ಗಳನ್ನು ಸುಡುತ್ತಿದ್ದರೆ, ಎಳೆಯಿರಿ. ಬ್ಲೈಂಡಿಂಗ್ ಕ್ಲೌಡ್ 100 ಎನರ್ಜಿ. ಆ ಮೋಡದೊಳಗೆ ನಿಂತ ನೆಲದ ಯೂನಿಟ್‌ಗಳ ದೂರದ ಹೊಡೆತವೆಲ್ಲ ಕೈಯಳತೆಗೆ ಇಳಿಯುತ್ತದೆ. ಸೀಜ್ ಟ್ಯಾಂಕ್ 13ರ ದೂರಕ್ಕೆ ಗುಂಡು ಹಾಕುವ ದೈತ್ಯ, ಮೋಡದೊಳಗೆ ಸುಮ್ಮನೆ ಕೂರುತ್ತದೆ. ಎನರ್ಜಿ ಮುಗಿದರೆ ವೈಪರ್ ನಿಮ್ಮದೇ ಕಟ್ಟಡದಿಂದ 200 ಜೀವ ಹೀರಿ 50 ಎನರ್ಜಿ ತುಂಬಿಕೊಳ್ಳುತ್ತದೆ. ಕಟ್ಟಡದ ಗಾಯ ತಾನೇ ಮಾಯುತ್ತದೆ, ಚಿಂತೆ ಬೇಡ. ಆದರೆ ಇದಕ್ಕೆಲ್ಲ ಹೈವ್ (ಹ್ಯಾಚರಿಯ ಮೂರನೇ ಹಂತ) ಬೇಕು, ಅಂದರೆ ಮೊದಲ ಐದು ನಿಮಿಷದ ಲಾರ್ವಾ ಲೆಕ್ಕ ಸರಿ ಇದ್ದರೆ ಮಾತ್ರ ಅಲ್ಲಿಗೆ ತಲುಪುತ್ತೀರಿ. ಇನ್ಫೆಸ್ಟರ್‌ನ ಫಂಗಲ್ ಗ್ರೋತ್ ಕಾಲಿಗೆ ಬಳ್ಳಿ ಸುತ್ತಿದ ಹಾಗೆ ನಿಧಾನ ಮಾಡುತ್ತದೆ. ಬೇನ್‌ಲಿಂಗ್ ಜೊತೆ ಸೇರಿಸಿದರೆ ಮರೀನ್‌ಗಳಿಗೆ ಚೆಲ್ಲಾಪಿಲ್ಲಿ ಓಡುವ ದಾರಿಯೇ ಇರುವುದಿಲ್ಲ.

ಇನ್ನು ನಿಮ್ಮ ವಾಯ್ಡ್ ರೇ ಕಷ್ಟ. ಇಲ್ಲಿ ಎರಡು ತಪ್ಪು ಒಟ್ಟಿಗೆ ಆಗುತ್ತಿವೆ. ಒಂದು, ರೋಚ್ ಮೇಲಕ್ಕೆ ಹೊಡೆಯಲಾರದು. ಎರಡು, ವಾಯ್ಡ್ ರೇಯ ಕಿರಣಕ್ಕೆ ಕವಚ ಇರುವವರ ಮೇಲೆ ಪೆಟ್ಟು ಜಾಸ್ತಿ, ರೋಚ್ ಅದೇ ಕವಚದ ಜಾತಿ. ಕ್ವೀನ್ ಕವಚದ ಜಾತಿ ಅಲ್ಲ, ಹೈಡ್ರಾನೂ ಅಲ್ಲ. ಆದ್ದರಿಂದ ವಾಯ್ಡ್ ರೇ ತಯಾರಾಗುವ ಕಟ್ಟಡ ಸ್ಟಾರ್‌ಗೇಟ್ ಕಂಡ ಕೂಡಲೇ ರೋಚ್ ನಿಲ್ಲಿಸಿ. ಇನ್ನೆರಡು ಕ್ವೀನ್ ಮಾಡಿ, ಲೇರ್ (ಹ್ಯಾಚರಿಯ ಎರಡನೇ ಹಂತ) ಹಾಕಿ, ಹೈಡ್ರಾ ಕಡೆ ಹೋಗಿ. "ಕಂಡ ಕೂಡಲೇ" ಅಂದೆ. ಕಾಣಬೇಕಾದರೆ ಮೂರೂವರೆ, ನಾಲ್ಕನೇ ನಿಮಿಷದ ಹೊತ್ತಿಗೆ ನಮ್ಮ ತೇಲುವ ಹುಳು ಓವರ್‌ಲಾರ್ಡ್ ಒಂದು ಅವರ ಮನೆ ಮೇಲೆ ತೇಲಬೇಕು. ಸತ್ತರೆ ಸಾಯಲಿ, ಹೋಗುವುದು 100 ಮಿನರಲ್ ಮತ್ತು 8 ಸಪ್ಲೈ (ಯೂನಿಟ್‌ಗಳನ್ನು ಸಾಕುವ ಜಾಗ). ವಾಯ್ಡ್ ರೇ ಒಂದಕ್ಕೇ ಅವನು 250 ಮಿನರಲ್ ಕೊಡುತ್ತಾನೆ.

ಬ್ಯಾನ್‌ಶೀಗೆ ಸ್ಪೋರ್ ಕ್ರಾಲರ್. ಸ್ಪಾನಿಂಗ್ ಪೂಲ್ ಇದ್ದರೆ ಸಾಕು, ಲೇರ್ ಬೇಡ. ಪ್ರತಿ ಬೇಸಿನ ಮಿನರಲ್ ಸಾಲಿನ ಹಿಂದೆ ಒಂದೊಂದು ಹಾಕಿ, ಪಕ್ಕದಲ್ಲಿ ಕ್ವೀನ್ ಇರಲಿ. ಸ್ಪೋರ್ ಮರೆಯಾದದ್ದನ್ನು ತೋರಿಸುತ್ತದೆ, ಕ್ವೀನ್ ಹೊಡೆಯುತ್ತಾಳೆ. ಲೇರ್ ಆದ ಮೇಲೆ ಒಂದು ಓವರ್‌ಲಾರ್ಡನ್ನು ಓವರ್‌ಸಿಯರ್ ಮಾಡಿ ಸೈನ್ಯದ ಜೊತೆ ಕಳಿಸಿ, ಇಲ್ಲವಾದರೆ ಮುಂದಿನ ಪ್ರಶ್ನೆ ಪ್ರೋಟಾಸ್‌ನ ಕಣ್ಣಿಗೆ ಕಾಣದ ಡಾರ್ಕ್ ಟೆಂಪ್ಲರ್ ಬಗ್ಗೆ ಬರೆಯುತ್ತೀರಿ.

ಶುರು ಹೇಗೆ ಮಾಡಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಆಟ 12 ಡ್ರೋನ್‌ನಿಂದ ಆರಂಭ. ಸಪ್ಲೈ 13ಕ್ಕೆ ಓವರ್‌ಲಾರ್ಡ್, 17ರ ಹೊತ್ತಿಗೆ ಎರಡನೇ ಹ್ಯಾಚರಿ, 18ಕ್ಕೆ ಗ್ಯಾಸ್, ಅದಕ್ಕೆ ಒಂದು ಡ್ರೋನ್ ಕಳೆದು 17ಕ್ಕೆ ಪೂಲ್. ಪೂಲ್ ಮುಗಿದ ಕ್ಷಣ ಎರಡು ಕ್ವೀನ್, ಒಂದೆರಡು ಜೋಡಿ ಲಿಂಗ್. ಆಮೇಲೆ ಮೂರನೇ ಬೇಸ್. ಒಂದು ಬೇಸಿಗೆ ಮಿನರಲ್‌ಗೆ 16, ಎರಡು ಗ್ಯಾಸ್‌ಗೆ ಮೂರು ಮೂರು, ಒಟ್ಟು 22 ಡ್ರೋನ್. ಮೂರು ಬೇಸಿಗೆ 66. ಅಲ್ಲಿಗೆ ಹೋಗುವವರೆಗೆ ಸೈನ್ಯ ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು, ಅಲ್ಲಿಗೆ ಹೋದ ಮೇಲೆ ಪ್ರತಿ ಲಾರ್ವಾನೂ ಸೈನಿಕ. ಫಿನ್ಲೆಂಡಿನ ಯೋನಾ ಸೊಟಾಲಾ, ಆಟದ ಹೆಸರು ಸೆರಲ್, 2018ರಲ್ಲಿ ವಿಶ್ವ ಫೈನಲ್ ಗೆದ್ದ ಮೊದಲ ಕೊರಿಯೇತರ ಆಟಗಾರ, ಝರ್ಗ್ ಆಡುವವರು. ಅವರ ಆಟ ನೋಡುವಾಗ ಯುದ್ಧ ನೋಡಬೇಡಿ. ಮಧ್ಯದಲ್ಲಿ ಯುದ್ಧ ನಡೆಯುತ್ತಿರುವಾಗ ಡ್ರೋನ್ ಸಂಖ್ಯೆ ಏನಾಗುತ್ತಿದೆ, ಕ್ರೀಪ್ ಎಲ್ಲಿಗೆ ಬಂತು ಅಂತ ಮೂಲೆಯಲ್ಲಿ ನೋಡಿ.

ಕೊನೆಯದಾಗಿ ಹಳೆಯ ಆಟ. ನಾನು ಕಲಿತದ್ದು ಅದರಲ್ಲೇ. ಕಾಲೇಜಿನ ದಿನಗಳಲ್ಲಿ ಬ್ರೌಸಿಂಗ್ ಸೆಂಟರಿನಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡುತ್ತಿದ್ದೆವು. ಹಾಗಾಗಿ ಪ್ರೀತಿ ಇದೆ. ಆದರೆ 2ನ್ನು ಕಲಿಯಲು 1998ರ ಆಟ ಬೇಕಾಗಿಲ್ಲ. ಅದರಲ್ಲಿ ಒಂದು ಸಲಕ್ಕೆ 12 ಯೂನಿಟ್ ಮಾತ್ರ ಆರಿಸಬಹುದು. ಅಂದರೆ ನಲವತ್ತೆಂಟು ಲಿಂಗ್ ಓಡಿಸಲು ನಾಲ್ಕು ಗುಂಪು. ಅಲ್ಲಿನ ಕ್ವೀನ್ ಹಾರುವವಳು, ಇಂಜೆಕ್ಟ್ ಅನ್ನುವುದೇ ಇಲ್ಲ. ಲಾರ್ವಾ ಜಾಸ್ತಿ ಬೇಕಾದರೆ ಮತ್ತೊಂದು ಹ್ಯಾಚರಿ ಕಟ್ಟುವುದೊಂದೇ ದಾರಿ. ಓವರ್‌ಲಾರ್ಡೇ ಮರೆಯಾದವರನ್ನು ಪತ್ತೆ ಹಚ್ಚುತ್ತಿತ್ತು, ಹಾಗಾಗಿ ನಿಮ್ಮ ಬ್ಯಾನ್‌ಶೀಯಂಥ ತಲೆನೋವು ಅಲ್ಲಿ ಕಡಿಮೆ. ಒಂದು ಸಂಜೆ ಬಿಡುವಿದ್ದರೆ ಡಿಫೈಲರ್‌ಗೋಸ್ಕರ ಆಡಿ ನೋಡಿ. ಅದು ತನ್ನದೇ ಪಡೆಯ ಒಂದು ಹುಳುವನ್ನು ತಿಂದು 50 ಎನರ್ಜಿ ಪಡೆಯುತ್ತದೆ, ಎರಡು ತಿಂದರೆ ಡಾರ್ಕ್ ಸ್ವಾರ್ಮ್ ಅನ್ನುವ ಕಿತ್ತಳೆ ಮೋಡ. ಆ ಮೋಡದ ಕೆಳಗೆ ಮರೀನ್‌ನ ಗುಂಡು ತಾಕುವುದೇ ಇಲ್ಲ, ಆದರೆ 25 ಮಿನರಲ್‌ನ ಲಿಂಗ್ ಒಳಗೆ ನುಗ್ಗಿ ಕಚ್ಚಬಹುದು. ಆಟ ಈಗ ಉಚಿತ. 2017ರಲ್ಲಿ ಹಳೆಯದನ್ನೂ ಬಿಟ್ಟುಕೊಟ್ಟರು, ಸ್ಟಾರ್‌ಕ್ರಾಫ್ಟ್ 2ರ ಆನ್‌ಲೈನ್ ಆಟವನ್ನೂ ಬಿಟ್ಟುಕೊಟ್ಟರು.